ನಿಮಿಷಕ್ಕೊಂದು ಸಾಲು

ಮನೆಯಿಂದ,
ಏಪ್ರಿಲ್ 9, ಬುಧವಾರ

ಪ್ರೀತಿಯ ಅಣ್ಣಾ,

ನಿನ್ನ ಕಾಗದ ಶನಿವಾರ ಬಂತು. ಓದಿದೆ, ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ಜಗಳಕ್ಕೆ ನಿಲ್ಲುವ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ನಿನ್ನ ಮೊಣಕಾಲು ಹೇಗಿದೆ? ಮಹಡಿ ಹತ್ತಿ ಇಳಿಯಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕಿವಿಗೆ ಹಾಕಿಕೊಂಡಿರುವುದಿಲ್ಲ, ನನಗೆ ಗೊತ್ತು. ಅತ್ತಿಗೆಯ ಕಣ್ಣಿನ ಆಪರೇಷನ್ ಆಗಿ ತಿಂಗಳಾಗುತ್ತ ಬಂತಲ್ಲ, ಈಗ ಓದಬಹುದಂತೆಯೇ? ಅವರು ಡಾಕ್ಟರ ಕಣ್ಣು ತಪ್ಪಿಸಿ ಈಗಾಗಲೇ ಓದುತ್ತಿರುತ್ತಾರೆ, ಬೈಯಬೇಡ. ಮೊಮ್ಮಗಳಿಗೆ ಹಲ್ಲು ಬಂದವೇ? ನಾನು ಚೆನ್ನಾಗಿದ್ದೇನೆ. ಹನ್ನೆರಡು ದಿನದಿಂದ ಮನೆಯಲ್ಲೇ ಕೂತಿದ್ದೇನಾದ್ದರಿಂದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬೆರಳ ತುದಿಗಳು ಮೆತ್ತಗಾಗಿವೆ. ಮೊನ್ನೆ ಸೂಜಿಗೆ ದಾರ ಪೋಣಿಸುವಾಗ ಚುಚ್ಚಿಕೊಂಡೆ, ನೋವಾಯಿತು. ನನ್ನ ಬೆರಳಿಗೆ ನೋವಾಗುತ್ತದೆ ಎಂಬುದೇ ಮರೆತುಹೋಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮ್ಯಾನೇಜರ್ ನಿನಗೆ ಫೋನ್ ಮಾಡಿ, ನಿಮ್ಮ ತಂಗಿಗೆ ಬುದ್ಧಿ ಹೇಳಿ ಅಂದರಂತೆ. ನೀನು ಬುದ್ಧಿ ಹೇಳಿ ಎರಡು ಪುಟ ಬರೆದಿದ್ದೀಯ. "ನಾಲ್ಕು ಸಾಲು ಕ್ಷಮೆ ಬರೆದುಕೊಟ್ಟರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಕೇಳಿದ್ದೀಯ. ಅಣ್ಣಾ, ನಾನು ಬರೆಯುವುದಿಲ್ಲ. ನಾಲ್ಕು ಸಾಲಲ್ಲ, ಅರ್ಧ ಸಾಲನ್ನೂ ಬರೆಯುವುದಿಲ್ಲ. ಗಂಡ ತೀರಿಕೊಂಡ ವರ್ಷ ನನ್ನನ್ನು ಆ ಲಾಂಡ್ರಿಗೆ ಸೇರಿಸಿದವನು ನೀನು. ಇಸ್ತ್ರಿ ಹಾಲಿನ ಮೇಸ್ತ್ರಿಯಾಗಿ ನೀನಿದ್ದೆ ಎಂಬ ಒಂದೇ ಕಾರಣಕ್ಕೆ ನನಗೆ ಕೆಲಸ ಸಿಕ್ಕಿತು, ನನ್ನ ಮಗಳು ಓದಿದಳು. ಅದನ್ನು ನಾನು ಮರೆತಿಲ್ಲ. ಆದರೆ ಮ್ಯಾನೇಜರ್ ಹೇಳಿದ್ದಷ್ಟೇ ನಿನ್ನ ಕಿವಿಗೆ ಬಿದ್ದಿದೆ. ನಡೆದದ್ದನ್ನು ನಾನು ಹೇಳುತ್ತೇನೆ, ಪೂರ್ತಿ ಓದು, ಮಧ್ಯದಲ್ಲಿ ಕನ್ನಡಕ ತೆಗೆದಿಡಬೇಡ.

ನಮ್ಮ ಉದ್ದಕ್ಕ ನಿನಗೆ ಗೊತ್ತಲ್ಲ. ಹದಿನಾರು ವರ್ಷದಿಂದ ಇಸ್ತ್ರಿ ಮಾಡುವ ದೊಡ್ಡ ಬಿಸಿ ರೋಲರಿನ ಬಾಯಿಗೆ ನಾವಿಬ್ಬರೂ ಸೇರಿ ಹಾಸಿಗೆ ಬಟ್ಟೆ ಕೊಡುತ್ತೇವೆ, ಎಡ ತುದಿ ಅವಳು, ಬಲ ತುದಿ ನಾನು. ಆಸ್ಪತ್ರೆಯ ಹಾಸುಗಳು, ಹೋಟೆಲಿನ ಹಾಸುಗಳು, ದಿನಕ್ಕೆ ಒಂಬೈನೂರಕ್ಕೆ ಕಡಿಮೆಯಿಲ್ಲ. ಅವಳ ಎತ್ತರಕ್ಕೆ ನನ್ನ ಗಿಡ್ಡತನ ಸರಿಹೊಂದಲು ಆರು ತಿಂಗಳು ಬೇಕಾಯಿತೆಂದು ನೀನೇ ನಗುತ್ತಿದ್ದೆ. ಫೆಬ್ರವರಿಯ ಎರಡನೇ ವಾರ, ಮಧ್ಯಾಹ್ನದ ಹೊತ್ತಿನಲ್ಲಿ, ಅವಳ ತುದಿ ಇದ್ದಕ್ಕಿದ್ದಂತೆ ಸಡಿಲವಾಯಿತು. ತಿರುಗಿ ನೋಡಿದರೆ ಅವಳು ನಿಂತಲ್ಲೇ ಮುಂದಕ್ಕೆ ವಾಲುತ್ತಿದ್ದಾಳೆ, ಕಣ್ಣು ಮೇಲೆ ಹೋಗಿದೆ, ಕೈ ಮಾತ್ರ ಬಟ್ಟೆಯನ್ನು ಬಿಟ್ಟಿಲ್ಲ. ಬಟ್ಟೆಯ ಜೊತೆ ಕೈಯೂ ಒಳಗೆ ಹೋಗುತ್ತಿತ್ತು. ನಾನು ಕೆಂಪು ಪಟ್ಟಿಯನ್ನು ಮೊಣಕೈಯಿಂದ ಗುದ್ದಿ ಯಂತ್ರ ನಿಲ್ಲಿಸಿದೆ. ಅಷ್ಟರಲ್ಲಿ ಮುಂಗೈ ರೋಲರಿಗೆ ಅಂಟಿಯಾಗಿತ್ತು. ಬಿಡಿಸುವಾಗ ಬಂದ ವಾಸನೆಯ ಬಗ್ಗೆ ಬರೆಯುವುದಿಲ್ಲ.

ಶಾಖದಿಂದ ಹೀಗಾಗಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಲಾಂಡ್ರಿಯ ಪುಸ್ತಕದಲ್ಲಿ ಮಾತ್ರ "ಬೆಳಗಿನ ತಿಂಡಿ ಬಿಟ್ಟಿದ್ದರಿಂದ ವೈಯಕ್ತಿಕ ನಿಶ್ಶಕ್ತಿ" ಎಂದು ಬರೆದರು. ಅವಳು ಆ ದಿನ ನನ್ನ ಎದುರಿಗೇ ತಿಂದಿದ್ದಳು, ನನ್ನ ಡಬ್ಬಿಯಿಂದಲೂ ತೆಗೆದುಕೊಂಡಿದ್ದಳು. ನಾವು ಏಳು ಜನ ಹೆಂಗಸರು ಮ್ಯಾನೇಜರ್ ಕೋಣೆಗೆ ಹೋದೆವು. ಮೂವತ್ತೆಂಟು ಡಿಗ್ರಿ ದಾಟಿದರೆ ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು ಕೊಡಬೇಕೆಂದು ಊಟದ ಕೋಣೆಯ ಹಲಗೆಯ ಮೇಲೆ ಅವರೇ ಬರೆಸಿದ್ದಾರೆ. ಮ್ಯಾನೇಜರ್ ಕುರ್ಚಿಯಿಂದ ಏಳಲೂ ಇಲ್ಲ. ಗೋಡೆಯ ಮಾಪಕ ನೋಡಿಕೊಳ್ಳಿ, ಮೂವತ್ಮೂರು ತೋರಿಸುತ್ತಿದೆ, ನಿಮಗೆ ಬಿಸಿ ಅನ್ನಿಸುವುದೆಲ್ಲ ವಯಸ್ಸಿನ ದೋಷ ಅಂದರು. ಅದನ್ನು ಕೇಳಿ ಅವರ ಪಕ್ಕದ ಗುಮಾಸ್ತ ನಕ್ಕ. ಉದ್ದಕ್ಕನನ್ನು "ಕೆಲಸಕ್ಕೆ ಅನರ್ಹ" ಎಂದು ಬರೆದು ಕಳಿಸಲು ಕಾಗದ ತಯಾರಾಗುತ್ತಿದೆ ಎಂಬ ಸುದ್ದಿ ಅದೇ ವಾರ ಬಂತು. ಹದಿನಾರು ವರ್ಷ ದುಡಿದವಳ ಹೆಸರನ್ನು ಒಂದು ಸುಳ್ಳಿನಿಂದ ಅಳಿಸುತ್ತಾರೆ ಎಂದಾಗ ನನಗೆ ಊಟ ಸೇರಲಿಲ್ಲ.

ಗೋಡೆಯ ಮಾಪಕ ಲಾರಿಗೆ ಬಟ್ಟೆ ತುಂಬುವ ಬಾಗಿಲ ಪಕ್ಕದಲ್ಲಿದೆ. ಅಲ್ಲಿ ಹೊರಗಿನ ಗಾಳಿ ಬೀಸುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ಬಾಗಿಲ ಬಿಸಿಯನ್ನು ಹೇಳುತ್ತಿದೆ. ರೋಲರಿನ ಬಿಸಿಯನ್ನು ಹೇಳಲು ರೋಲರಿನ ಹತ್ತಿರ ಏನಾದರೂ ಇರಬೇಕು. ಇರುವಂತೆ ಮಾಡೋಣ ಅನ್ನಿಸಿತು.

ನನ್ನ ಮಗಳು ಓದುವಾಗ ಗಿಡಕ್ಕೆ ತಾನೇ ನೀರು ಹಾಕುವ ಯಂತ್ರ ಮಾಡುತ್ತೇನೆಂದು ಒಂದು ಬೋರ್ಡು ತಂದಿದ್ದಳು. ಅಂಗೈಯಷ್ಟು ದೊಡ್ಡ ನೀಲಿ ಹಲಗೆ, ನಾವು ಬರೆದುಕೊಟ್ಟ ಕೆಲಸವನ್ನು ಚಾಚೂ ತಪ್ಪದೆ ಮಾಡುವ ಪುಟ್ಟ ಕಂಪ್ಯೂಟರು. ಗಿಡ ಒಣಗಿತು, ಮಗಳು ಕೆಲಸ ಹಿಡಿದು ಹೋದಳು, ಬೋರ್ಡು ಮತ್ತು ಅವಳ ಹಳೆಯ ಲ್ಯಾಪ್‌ಟಾಪು ಅಟ್ಟದಲ್ಲಿ ಉಳಿದವು. ಅವುಗಳನ್ನು ಇಳಿಸಿ, ಚೀಲಕ್ಕೆ ತುಂಬಿ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುವ ಮುದುಕರ ಬಳಿ ಹೋದೆ. ಎಲ್ಲರೂ ಅವರನ್ನು ಗೊಣಗಪ್ಪ ಎನ್ನುತ್ತಾರಲ್ಲ, ಅವರೇ. ಹೆಸರಿಗೆ ತಕ್ಕ ಹಾಗೆ ಮೊದಲ ಅರ್ಧ ಗಂಟೆ ಗೊಣಗಿದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮ, ಅಂಗಡಿಯಲ್ಲಿ ಸಿದ್ಧ ಮಾಪಕ ಸಿಗುತ್ತದೆ ಅಂದರು. ಸಿದ್ಧ ಮಾಪಕ ಆ ಕ್ಷಣದ ಬಿಸಿಯನ್ನಷ್ಟೇ ತೋರಿಸುತ್ತದೆ, ಮ್ಯಾನೇಜರ್ ಬರುವಾಗ ರೋಲರ್ ಆರಿಸಿಬಿಟ್ಟರೆ ಅದೂ ಮೂವತ್ಮೂರೇ ಅನ್ನುತ್ತದೆ, ನನಗೆ ಪಾಳಿಯ ಮೊದಲಿಂದ ಕೊನೆಯವರೆಗಿನ ಬಿಸಿ ಬರೆದಿಟ್ಟುಕೊಳ್ಳುವಂಥದ್ದು ಬೇಕು ಎಂದೆ. ಅವರು ಗೊಣಗುವುದನ್ನು ನಿಲ್ಲಿಸಿದರು. ಬೋರ್ಡನ್ನು ತಿರುಗಿಸಿ ನೋಡಿ, ಇದಕ್ಕೆ ಕರೆಂಟು ಹೋದರೆ ಏನೂ ಉಳಿಯಲ್ಲ, ಮೆಮೊರಿ ಕಾರ್ಡು ಕೂಡಿಸಬೇಕು ಅಂದರು. "ಕೂಡಿಸೋದು ನೀವೇ. ನಾನು ಕೈ ಹಚ್ಚಲ್ಲ. ನಾಳೆ ಯಾರಾದರೂ ಕೇಳಿದರೆ, ನಾನೇ ಮಾಡಿದ್ದು ಅಂತ ಎದೆ ತಟ್ಟಿ ಹೇಳೋ ಹಾಗಿರಬೇಕು."

ಆಮೇಲೆ ಮೂರು ಭಾನುವಾರ ನನ್ನ ಅಡುಗೆಮನೆಯ ಮೇಜು ಊಟಕ್ಕೆ ಸಿಗಲಿಲ್ಲ. ಕಾರ್ಡನ್ನು ಬೋರ್ಡಿಗೆ ನೇರವಾಗಿ ಕೂಡಿಸುವ ಹಾಗಿಲ್ಲ, ಅಣ್ಣಾ. ಬೋರ್ಡು ಐದು ವೋಲ್ಟಿನಲ್ಲಿ ಮಾತಾಡುತ್ತದೆ, ಕಾರ್ಡಿಗೆ ಮೂರೂ ಚಿಲ್ಲರೆಗಿಂತ ಹೆಚ್ಚು ತಡೆಯದು. ನನಗೆ ಗೊತ್ತಿರಲಿಲ್ಲ. ಗೊಣಗಪ್ಪನವರು ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ಮೊದಲ ಭಾನುವಾರ ಆತುರಕ್ಕೆ ಬಿದ್ದು ತಂತಿಗಳನ್ನು ನೇರವಾಗಿ ಕೊಟ್ಟೆ. ಒಂದು ನಿಮಿಷಕ್ಕೆ ಕಾರ್ಡು ಮುಟ್ಟಲಾರದಷ್ಟು ಬಿಸಿಯಾಯಿತು, ಆಮೇಲೆ ಸತ್ತಿತು. ಅದೂ ಹೊಸ ಕಾರ್ಡು. ಸೋಮವಾರ ಹೋಗಿ ಹೇಳಿದರೆ ಗೊಣಗಪ್ಪನವರು ಡ್ರಾಯರಿನಿಂದ ಹೆಬ್ಬೆರಳಗಲದ ಒಂದು ತುಣುಕು ತೆಗೆದುಕೊಟ್ಟರು. ಕಾರ್ಡು ಅದರೊಳಗೆ ಕೂರುತ್ತದೆ, ಆ ತುಣುಕು ಮಧ್ಯದಲ್ಲಿ ನಿಂತು ವೋಲ್ಟೇಜನ್ನು ತಗ್ಗಿಸಿ ಕೊಡುತ್ತದೆ. ಅದಕ್ಕೆ ಆರು ತಂತಿ. ಎರಡು ಕರೆಂಟಿಗೆ. ಒಂದರಲ್ಲಿ ಬೋರ್ಡು ಹೇಳುತ್ತದೆ, ಒಂದರಲ್ಲಿ ಕಾರ್ಡು ಉತ್ತರಿಸುತ್ತದೆ, ಒಂದು ಇಬ್ಬರಿಗೂ ತಾಳ ಹಾಕುತ್ತದೆ, ಇನ್ನೊಂದು "ಈಗ ನಿನ್ನ ಸರದಿ" ಎಂದು ಕಾರ್ಡನ್ನು ಕರೆಯುತ್ತದೆ. ಆ ಕರೆಯುವ ತಂತಿಯನ್ನು ನಾನು ಬೋರ್ಡಿನ ಹತ್ತನೇ ಕಾಲಿಗೆ, ಅಂದರೆ ತಂತಿ ಚುಚ್ಚುವ ಹತ್ತನೇ ತೂತಿಗೆ ಹಾಕಿದ್ದೆ, ಬೋರ್ಡಿಗೆ ಕೆಲಸ ಹೇಳಲು ಮಗಳ ಲ್ಯಾಪ್‌ಟಾಪಿನಲ್ಲಿ ಸಿಕ್ಕ ಬರಹದಲ್ಲಿ ನಾಲ್ಕು ಎಂದಿತ್ತು. ಇಡೀ ಮಧ್ಯಾಹ್ನ ಪರದೆಯ ಮೇಲೆ "ಕಾರ್ಡು ಸಿಗುತ್ತಿಲ್ಲ, ಕಾರ್ಡು ಸಿಗುತ್ತಿಲ್ಲ" ಎಂದೇ ಬರುತ್ತಿತ್ತು. ಕಣ್ಣೆದುರಿಗೇ ಇದೆ, ಸಿಗುತ್ತಿಲ್ಲ ಅಂದರೆ ಹೇಗೆ ಎಂದು ನಾನು ಗಟ್ಟಿಯಾಗಿ ಜಗಳಕ್ಕೆ ನಿಂತೆ. ಪಕ್ಕದ ಮನೆಯಾಕೆ ಯಾರು ಬಂದಿದ್ದಾರೆ ಎಂದು ಇಣುಕಿ ನೋಡಿ ಹೋದಳು.

ಅದು ಸರಿಯಾದ ಮೇಲೆ ಕಾರ್ಡು ಸಿಕ್ಕಿತು, ಬರೆಯಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ "ಇಸ್ತ್ರಿಕೋಣೆ" ಎಂದು ಕಡತಕ್ಕೆ ಹೆಸರಿಟ್ಟಿದ್ದೆ. ಎಣಿಸಿದರೆ ಒಂಬತ್ತು ಅಕ್ಷರ. ಎಂಟು ದಾಟಿದ ಹೆಸರನ್ನು ಅದು ಒಪ್ಪುವುದಿಲ್ಲವಂತೆ! ಗೊಣಗಪ್ಪನವರಿಗೂ ಅದು ಹೊಳೆದದ್ದು ಎರಡು ದಿನದ ಮೇಲೆ. ಬರೀ "ಇಸ್ತ್ರಿ" ಎಂದು ಮಾಡಿದೆ. ಮೂರನೇ ಭಾನುವಾರ ಹನ್ನೊಂದೂವರೆಗೆ, ಒಲೆಯ ಪಕ್ಕ ಇಟ್ಟ, ಬಿಸಿ ಅಳೆದು ಬೋರ್ಡಿಗೆ ಹೇಳುವ ಸಂವೇದಕದ ಲೆಕ್ಕ ಕಾರ್ಡಿನಲ್ಲಿ ಸಾಲಾಗಿ ಕೂತಿತು. ಒಂದು, ಇಪ್ಪತ್ತೊಂಬತ್ತು ಪಾಯಿಂಟ್ ಐದು. ಎರಡು, ಇಪ್ಪತ್ತೊಂಬತ್ತು ಪಾಯಿಂಟ್ ಐದು. ಮೂರು, ಮೂವತ್ತು. ನಿಮಿಷಕ್ಕೊಂದು ಸಾಲು. ನಾನು ಕುರ್ಚಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ಯಾಕೆಂದು ಕೇಳಬೇಡ. ಏಳನೇ ತರಗತಿಗೇ ನನ್ನನ್ನು ಶಾಲೆ ಬಿಡಿಸಿದರಲ್ಲ, ಬಹುಶಃ ಅದಕ್ಕಿರಬೇಕು.

ಗೊಣಗಪ್ಪನವರು ಇನ್ನೊಂದು ವಿಷಯಕ್ಕೆ ಪಟ್ಟು ಹಿಡಿದಿದ್ದರು. ಒಂದೊಂದು ಸಾಲು ಬರೆದ ಮೇಲೂ ಕಡತವನ್ನು ಮುಚ್ಚಬೇಕು, ಮುಂದಿನ ನಿಮಿಷಕ್ಕೆ ಮತ್ತೆ ತೆರೆಯಬೇಕು. ತೆರೆದೇ ಇಟ್ಟರೆ ಕರೆಂಟು ಹೋದ ಕ್ಷಣ ಆವರೆಗೆ ಬರೆದದ್ದು ಕಾರ್ಡಿಗೆ ಇಳಿಯದೆ ಹೋಗಬಹುದು. ನನಗೆ ಅದು ಅತಿಯಾಯಿತು ಅನ್ನಿಸಿತ್ತು. ಆದರೂ ಹಾಗೇ ಬರೆದೆ.

ಮಾರ್ಚ್ ಇಪ್ಪತ್ತೈದರಂದು ಡಬ್ಬಿಯನ್ನು ಇಸ್ತ್ರಿ ಹಾಲಿಗೆ ಒಯ್ದೆ. ಸಾಬೂನಿನ ಡಬ್ಬಿಯೊಳಗೆ ಬೋರ್ಡು ಮತ್ತು ಕಾರ್ಡು, ಹೊರಗೆ ಉಕ್ಕಿನ ಟೋಪಿ ಹಾಕಿದ ಸಂವೇದಕ, ರೋಲರಿನ ಪಕ್ಕದ ಕಂಬಕ್ಕೆ ನಮ್ಮ ತಲೆಯ ಎತ್ತರದಲ್ಲಿ ಕಟ್ಟಿದೆ. ಮೊದಲ ದಿನ ಫೋನಿನ ಪವರ್ ಬ್ಯಾಂಕಿಗೆ ಚುಚ್ಚಿದ್ದೆ. ಬೋರ್ಡು ಕುಡಿಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಪವರ್ ಬ್ಯಾಂಕು ಯಾರೂ ಇಲ್ಲ ಅಂದುಕೊಂಡು ತಾನೇ ಮಲಗಿಬಿಟ್ಟಿತು. ಇಡೀ ದಿನಕ್ಕೆ ಸಿಕ್ಕಿದ್ದು ಒಂದೇ ಒಂದು ಸಾಲು. ಮರುದಿನ ಗೋಡೆಯ ಪ್ಲಗ್ಗಿಗೆ ಫೋನ್ ಚಾರ್ಜರ್ ಹಾಕಿದೆ. ಬೋರ್ಡಿಗೆ ಗಡಿಯಾರವಿಲ್ಲ, ಶುರುವಾದಾಗಿನಿಂದ ಎಷ್ಟು ನಿಮಿಷವಾಯಿತು ಎಂಬುದಷ್ಟೇ ಅದಕ್ಕೆ ಗೊತ್ತು. ಅದಕ್ಕೆ ಬೆಳಗ್ಗೆ ಏಳರ ಸೈರನ್ ಕೂಗಿದಾಗ, ಮಡಚುವ ಇಬ್ಬರು ಹೆಂಗಸರ ಎದುರಿಗೇ ಸ್ವಿಚ್ ಹಾಕಿದೆ. ಅವರು ಚೀಟಿಯ ಮೇಲೆ ದಿನಾಂಕ ಬರೆದು ಸಹಿ ಹಾಕಿದರು.

ಎರಡನೇ ದಿನ ಪೂರ್ತಿ ಸಿಕ್ಕಿತು. ಬೆಳಗ್ಗೆ ಮೂವತ್ತೆರಡು, ಹತ್ತು ಗಂಟೆಗೆ ನಲವತ್ತು, ಊಟದ ಹೊತ್ತಿಗೆ ನಲವತ್ತೈದು. ಮೂರನೇ ದಿನ, ಗುರುವಾರ, ಮ್ಯಾನೇಜರ್ ಬಂದರು. ಯಾರೋ ಕಿವಿ ಕಚ್ಚಿದ್ದರು, ಯಾರೆಂದು ನಾನು ಹುಡುಕಲು ಹೋಗಿಲ್ಲ. ಡಬ್ಬಿ ಯಾರದ್ದು ಎಂದು ಕೇಳಿದರು. ನನ್ನದು, ನಾನೇ ಮಾಡಿದ್ದು ಎಂದೆ. ರೋಲರ್ ಓಡುತ್ತಲೇ ಇತ್ತು, ಎಲ್ಲರ ಕೈ ನಿಂತಿತ್ತು. ಅವರು ಚಾರ್ಜರನ್ನು ಕಿತ್ತರು, ಡಬ್ಬಿಯನ್ನು ಕಂಬದಿಂದ ಎಳೆದು ಕೊಳೆ ಬಟ್ಟೆಯ ಗಾಡಿಗೆ ಎಸೆದರು. "ಕರೆಂಟ್ ಹೋಯ್ತು, ನಿನ್ನ ಪುರಾಣಾನೂ ಹೋಯ್ತು. ಮನೆಗೆ ಹೋಗು" ಅಂದರು. ನನ್ನ ವಯಸ್ಸಿನ ಹೆಂಗಸಿಗೆ ಏಕವಚನ. ನಾನು ಗಾಡಿಯೊಳಗೆ ಬಗ್ಗಿ ಡಬ್ಬಿ ತೆಗೆದುಕೊಂಡೆ, ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದೆ, ಹೊರಟೆ. 

ಮನೆಗೆ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ನಾನೂರ ಹನ್ನೆರಡು ಸಾಲು. ಒಂದೂ ಕಳೆದಿರಲಿಲ್ಲ. ಕೊನೆಯ ಸಾಲು ನಲವತ್ತಾರು ಪಾಯಿಂಟ್ ಐದು. ಏಳರಿಂದ ನಾನೂರ ಹನ್ನೆರಡು ನಿಮಿಷ ಎಣಿಸಿದರೆ ಮಧ್ಯಾಹ್ನ ಒಂದು ಗಂಟೆ ಐವತ್ತೆರಡು ನಿಮಿಷ, ಮ್ಯಾನೇಜರ್ ಚಾರ್ಜರ್ ಕಿತ್ತ ಹೊತ್ತು. ಮರುದಿನವೇ ನನಗೆ ನೋಟಿಸು ಬಂತು. ತಪ್ಪು ಎರಡು: ಅನುಮತಿಯಿಲ್ಲದ ಯಂತ್ರ ತಂದದ್ದು, ಸಂಸ್ಥೆಯ ವಿದ್ಯುತ್ ಕದ್ದದ್ದು. ಒಂದು ಮೂಲೆಯ ದೀಪಕ್ಕೂ ಸಾಲದ ಕರೆಂಟಿಗೆ ನಾನು ಕಳ್ಳಿಯಾದೆ. ನೋಟಿಸನ್ನು ಎದುರಿಗಿಟ್ಟುಕೊಂಡು ನಾನೂ ಉದ್ದಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳ ಕೈಯ ಕಟ್ಟು ಇನ್ನೂ ಬಿಚ್ಚಿರಲಿಲ್ಲ.

ಆವತ್ತೇ ಕಾರ್ಡನ್ನು ಕಾರ್ಮಿಕ ತಪಾಸಣೆಯ ಕಚೇರಿಗೆ ಒಯ್ದೆ. ಅಲ್ಲಿನ ಅಧಿಕಾರಿ ನನಗಿಂತ ಚಿಕ್ಕ ಹೆಂಗಸು, ಗಂಟುಮುಖ, ಸುಲಭಕ್ಕೆ ಬಗ್ಗುವವಳಲ್ಲ. ಇದನ್ನು ನೀವೇ ಮನೆಯಲ್ಲಿ ಕೂತು ಟೈಪ್ ಮಾಡಿರಬಹುದಲ್ಲ ಎಂದು ಮೊದಲ ಮಾತಿಗೇ ಕೇಳಿದಳು. ಮ್ಯಾನೇಜರ್ ಕೂಡ ಆಮೇಲೆ ಅದನ್ನೇ ಹೇಳಿದರು. ನಾನು ಅಧಿಕಾರಿಗೆ ಹೇಳಿದ್ದು ಇಷ್ಟೇ: "ಮಾಡಿರಬಹುದು, ಮೇಡಂ. ನಿಮ್ಮ ಮಾಪಕ ತನ್ನಿ. ನನ್ನದರ ಪಕ್ಕ ಕಟ್ಟಿ. ಒಂದು ಪಾಳಿ ನಮ್ಮ ಜೊತೆ ನಿಂತ್ಕೊಳ್ಳಿ."

ಬಂದಳು, ಅಣ್ಣಾ. ಏಪ್ರಿಲ್ ಮೂರರಂದು, ಹೇಳದೆ ಕೇಳದೆ. ಹಾಲಿಗೆ ಕಾಲಿಡಲು ನನಗೆ ಅಪ್ಪಣೆ ಇರಲಿಲ್ಲ, ಅವಳೇ ಕೊಟ್ಟಳು. ಎರಡೂ ಒಂದೇ ಕಂಬದಲ್ಲಿ ಏಳರಿಂದ ಮೂರರವರೆಗೆ ಕೂತವು. ಅವಳ ಬಿಳಿ ಅಂಗಿ ಹತ್ತು ಗಂಟೆಗೆ ಬೆನ್ನಿಗೆ ಅಂಟಿತು, ಹನ್ನೆರಡಕ್ಕೆ ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಕೊನೆಗೆ ಹೋಲಿಸಿ ನೋಡಿದಾಗ ಅವಳ ಮಾಪಕಕ್ಕೂ ನನ್ನ ಡಬ್ಬಿಗೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಎಲ್ಲೂ ಇರಲಿಲ್ಲ. ಅವಳು ನನ್ನನ್ನು ಹೊಗಳಲಿಲ್ಲ. ಯಾವ ಕಾಲಿಗೆ ಯಾವ ತಂತಿ ಎಂದು ಮಾತ್ರ ಕೇಳಿ, ಬರೆದುಕೊಂಡಳು.

ನಾನು ಮನೆಯಲ್ಲಿ ಕೂತ ಈ ದಿನಗಳಲ್ಲಿ ಹಾಲಿನಲ್ಲಿ ಏನಾಗುತ್ತಿದೆ ಎಂಬುದನ್ನು ಮ್ಯಾನೇಜರ್ ನಿನಗೆ ಹೇಳಿರಲಾರರು. ಉಳಿದ ಆರು ಹೆಂಗಸರು ಗಂಟೆಗೊಮ್ಮೆ ರೋಲರ್ ನಿಲ್ಲಿಸಿ ಹತ್ತು ನಿಮಿಷ ಹೊರಗೆ ನಿಲ್ಲುತ್ತಿದ್ದಾರೆ. ಯಾರೂ ಕೂಗಾಡುವುದಿಲ್ಲ. ನೀರು ಕುಡಿಯುತ್ತಾರೆ, ನಿಲ್ಲುತ್ತಾರೆ, ಒಳಗೆ ಹೋಗುತ್ತಾರೆ. ಹಲಗೆಯ ಮೇಲೆ ನೀವೇ ಬರೆಸಿದ್ದೀರಲ್ಲ ಎಂದಷ್ಟೇ ಉತ್ತರ. ಆರು ವರ್ಷದಿಂದ ಬೆಲ್ಟಿಲ್ಲ ಎಂದು ನಿಂತಿದ್ದ ಗಾಳಿ ಎಳೆಯುವ ದೊಡ್ಡ ಫ್ಯಾನು ಸೋಮವಾರದಿಂದ ತಿರುಗುತ್ತಿದೆ. ಉದ್ದಕ್ಕನನ್ನು ಕೆಲಸದಿಂದ ಕಳಿಸುವ ಕಾಗದವನ್ನು ತಡೆಹಿಡಿದಿದ್ದಾರೆ. ಇದೆಲ್ಲ ನಾನು ಕ್ಷಮೆ ಕೇಳಿದ್ದರೆ ಆಗುತ್ತಿತ್ತೇ? ಹೇಳು.

ಕೆಲಸ ಹೋಗಬಹುದು. ಇಲ್ಲ ಅನ್ನುತ್ತಿಲ್ಲ. ಹೋದರೆ ಹೋಗಲಿ, ನನ್ನ ಕೈ ಎಲ್ಲೂ ಹೋಗಿಲ್ಲ. ಆದರೆ ನನಗೆ ಹೆದರಿಕೆ ಇಲ್ಲವೆಂದು ನೀನು ತಿಳಿಯಬೇಡ. ಹೆದರಿಕೆ ಇದೆ. ಹೆದರಿಕೆಯ ಜೊತೆಗೇ ವಿಚಾರಣೆಗೆ ಹೋಗುತ್ತೇನೆ. ನೀನು ಕಾಗದದ ಕೊನೆಯಲ್ಲಿ, "ನಮ್ಮಂಥವರು ತಲೆ ತಗ್ಗಿಸಿಕೊಂಡೇ ಇಷ್ಟು ದೂರ ಬಂದದ್ದು" ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ ಮಾತ್ರ ನನಗೆ ಕೋಪ ಬಂತು. ನಾವು ಬಂದದ್ದು ದುಡಿದು. ತಲೆ ತಗ್ಗಿಸಿದ್ದು ಬೇರೆ ಕಾರಣಕ್ಕೆ. ಅದು ನಿನಗೂ ಗೊತ್ತು, ನನಗೂ ಗೊತ್ತು.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಕಣ್ಣಿಗೆ ಔಷಧಿ ಬಿಡುವುದನ್ನು ತಪ್ಪಿಸಬೇಡ. ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ಕೋಪದಲ್ಲಿ ಬರೆದೆನೆಂದು ಪ್ರೀತಿ ಕಡಿಮೆಯಾಯಿತೆಂದು ತಿಳಿಯಬೇಡ. ಇಷ್ಟುದ್ದ ಕಾಗದವನ್ನು ನಾನು ಬೇರೆ ಯಾರಿಗೂ ಬರೆದವಳಲ್ಲ.

ಇಂತಿ,
ನಿನ್ನ ತಂಗಿ

ಮರೆತಿದ್ದೆ ಎಂದು ಬರೆಯಹೊರಟೆ. ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗೋಡೆಯ ಮಾಪಕ ಬಾಗಿಲ ಪಕ್ಕಕ್ಕೆ ಹೇಗೆ ಬಂತು ಎಂದು ಆ ಅಧಿಕಾರಿ ಮೂರನೇ ತಾರೀಕು ಎಲ್ಲರನ್ನೂ ಕೇಳಿದಳು. ಮೊದಲಿಂದಲೂ ಅಲ್ಲೇ ಇದೆ ಎಂದು ಮ್ಯಾನೇಜರ್ ಹೇಳಿದರು. ನಾನು ನಿನ್ನ ಮುಖ ನೆನೆದು ಸುಮ್ಮನಿದ್ದೆ. ಐದು ದಿನ ಸುಮ್ಮನಿದ್ದೆ. ನಿನ್ನೆ ಹೋಗಿ ಹೇಳಿಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಅದು ರೋಲರಿನ ಪಕ್ಕದ ಕಂಬದಲ್ಲಿತ್ತು, ಮ್ಯಾನೇಜರ್ ಹೇಳಿದರೆಂದು ಒಂದು ಭಾನುವಾರ ಅದನ್ನು ಬಾಗಿಲ ಪಕ್ಕಕ್ಕೆ ಕೊಂಡೊಯ್ದರು, ಏಣಿ ಹತ್ತಿದ್ದು ನನ್ನ ಅಣ್ಣ, ಏಣಿ ಹಿಡಿದದ್ದು ನಾನು ಎಂದೆ. ನಿನ್ನ ವಿಳಾಸವನ್ನೂ ಕೊಟ್ಟಿದ್ದೇನೆ. ಕಚೇರಿಯಿಂದ ಕಾಗದ ಬರುತ್ತದೆ, ಅದಕ್ಕೆ ಮೊದಲು ನನ್ನಿಂದ ತಿಳಿಯಲಿ ಎಂದೇ ಇವತ್ತು ಬರೆಯುತ್ತಿದ್ದೇನೆ. ವಿಚಾರಣೆ ಆ ಕಚೇರಿಯಲ್ಲೇ, ಇಪ್ಪತ್ತೊಂದು, ಸೋಮವಾರ, ಹತ್ತೂವರೆಗೆ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಸರಿಯಾಗುತ್ತದೆ. ಒಂಬತ್ತೂವರೆಯವರೆಗೆ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ. ಆಮೇಲೆ ಒಬ್ಬಳೇ ಹೋಗುತ್ತೇನೆ.